ಮೂರರಿಂದ ಭಾಗಿಸಿದ ಮಾಸ್ಟ್ರು

ಸೌದಿಯ ದಮಾಮಿನಿಂದ ಬಂದ ನಿಝಾರ್ ಈ ಸಲ ವಾಪಸು ಹೋಗುವುದಿಲ್ಲ ಎಂದು ಹಟ ಹಿಡಿದ. ಹಟ ಹಿಡಿದದ್ದು ಅವನಾದರೂ ಒಳಗೊಳಗೆ ಕುಣಿದದ್ದು ಅವನ ಹೆಂಡತಿ ಶಬ್ನಾ. ಮದುವೆಯಾದಂದಿನಿಂದ ಅವಳು ಗಂಡನನ್ನು ಕಂಡದ್ದು ರಜೆಯಲ್ಲಿ ಮಾತ್ರ. ಬಂದಾಗ ಮನೆಯೆಲ್ಲ ಹಬ್ಬ, ಹೊರಟಾಗ ಅತ್ತು ಅತ್ತು ಕಣ್ಣು ಬಾವು. ಇದೂ ಒಂದು ಸಂಸಾರವಾ ಎಂದು ಅವಳು ಎಷ್ಟೋ ಸಲ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೇಳಿಕೊಂಡದ್ದುಂಟು.

"ಇನ್ನು ಸಾಕು ಮಾರಾಯ್ತಿ. ಅಲ್ಲಿ ಯಾರದ್ದೋ ಗೋಡೌನಿನಲ್ಲಿ ಬೆವರು ಸುರಿಸುವುದಕ್ಕಿಂತ ಇಲ್ಲಿ ನಮ್ಮದೇ ಒಂದು ಮಿಲ್ಲು ಹಾಕುವ. ಎಣ್ಣೆಯೂ ಆಯ್ತು, ಹಿಟ್ಟೂ ಆಯ್ತು" ಎಂದಿದ್ದ ನಿಝಾರ್.

ನಾರಾವಿಯಿಂದ ಮೂಡುಬಿದಿರೆಗೆ ಹೋಗುವ ದಾರಿಯ ಪೆಲತ್ತಕಟ್ಟೆಯಲ್ಲಿ ಅವರ ಮನೆ. ಕೊಬ್ಬರಿ ಆಡಿಸಲು, ಅಕ್ಕಿ ಬೀಸಲು ಆ ಊರಿನವರು ಚೀಲ ಹೊತ್ತು ಬಸ್ಸು ಹತ್ತಬೇಕು. ಹಾಗಾಗಿ ನಿಝಾರನ ಲೆಕ್ಕ ತಪ್ಪೇನೂ ಇರಲಿಲ್ಲ. ರಸ್ತೆ ಬದಿಯಲ್ಲಿ ಶೆಡ್ಡು ಎದ್ದಿತು, ಯಂತ್ರ ಬಂತು, ಹದಿನೈದು ಎಚ್‌ಪಿಯ ಮೋಟಾರು ಬೋಲ್ಟು ಬಿಗಿದುಕೊಂಡು ಕೂತಿತು. ಇನ್ನು ಬೇಕಾದದ್ದು ಮೂರು ಫೇಸಿನ ಕರೆಂಟು ಒಂದೇ. ಅದು ಸಿಕ್ಕರೆ ನಿಝಾರ್ ಇಲ್ಲಿ, ಸಿಗದಿದ್ದರೆ ದಮಾಮಿನಲ್ಲಿ. ಅಲ್ಲಿನ ಧಣಿ, ಬರುವುದಾದರೆ ಈ ತಿಂಗಳೊಳಗೆ ಹೇಳು, ಆಮೇಲೆ ಜಾಗ ಇಟ್ಟುಕೊಳ್ಳುವುದಿಲ್ಲ ಎಂದು ಫೋನಿನಲ್ಲಿ ಗುಡುಗಿದ್ದ.

ಅರ್ಜಿ ಹಾಕಿದ್ದು ಶಬ್ನಾ. ಅವಳೇ ಹಾಕಬೇಕಾದ್ದು. ಮೂಡುಬಿದಿರೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ, ಬಂಟ್ವಾಳದ ಬಿ.ಸಿ. ರೋಡಿನ ಒಬ್ಬ ಕಂಟ್ರಾಕ್ಟರರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಯಾವ ಮದುವೆ ಹಾಲಿಗೆ ಎಷ್ಟು ಕೆವಿಎ, ಯಾವ ಲೈನಿನಲ್ಲಿ ಎಷ್ಟು ಆಂಪಿಯರ್ ಎನ್ನುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಪೆಲತ್ತಕಟ್ಟೆಯ ಹಾಲಿನ ಸೊಸೈಟಿಯ ಪಕ್ಕ ನಿಂತಿದ್ದ ಟ್ರಾನ್ಸ್‌ಫಾರ್ಮರ್ ನೂರು ಕೆವಿಎಯದ್ದು. ಅದರ ಒಂದೊಂದು ಲೈನು ನೂರಮೂವತ್ತಮೂರು ಆಂಪಿಯರ್ ಹೊರಬಲ್ಲದು. ಊರಿನ ತೋಟಗಳ ಹತ್ತು ಪಂಪು, ಜತೆಗೆ ಮನೆಗಳ ದೀಪ, ಮಿಕ್ಸಿ ಎಲ್ಲ ಸೇರಿ ತೊಂಬತ್ತು ಚಿಲ್ಲರೆ ಎಳೆದಾವು. ಮಿಲ್ಲಿಗೆ ಬೇಕಾದದ್ದು ಇಪ್ಪತ್ತೊಂದು. ಆರಾಮದಲ್ಲಿ ಕೊಡಬಹುದು.

ಆದರೆ ಟ್ರಾನ್ಸ್‌ಫಾರ್ಮರಿನ ಫ್ಯೂಸು ದಿನಾ ಹಾರುತ್ತಿತ್ತು. ಕರೆಂಟು ಹೋಗಿ ಬಂದರೆ ಸಾಕು, ಫಟ್! ಲೈನ್‌ಮ್ಯಾನ್ ಹುಕ್ರಪ್ಪ ಬಂದು ಕಟ್ಟಬೇಕು, ಅವನು ಬರುವವರೆಗೆ ಊರೆಲ್ಲ ಅವನ ಹೆತ್ತವರನ್ನೂ ಬಿಡದೆ ಬೈಯಬೇಕು. ಇಂಥದ್ದರಲ್ಲಿ ಮಿಲ್ಲು ಬೇರೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಪಂಪಿನವರೆಲ್ಲ ಜೇನುಹುಳದ ಹಾಗೆ ಎದ್ದರು. ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸಿನ ಇಂಜಿನಿಯರ್ ಅಶ್ವಿತ್ ಹಾಲಿನ ಸೊಸೈಟಿಯಲ್ಲಿ ಒಂದು ಮೀಟಿಂಗು ಕರೆದ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ, ಯಾರ ಮನಸ್ಸನ್ನೂ ನೋಯಿಸದೆ ಟ್ರಾನ್ಸ್‌ಫರ್ ತೆಗೆದುಕೊಂಡು ಹೋಗುವುದೇ ಅವನ ಜೀವನದ ಗುರಿ.

ಮೀಟಿಂಗಿಗೆ ಶಿವಸುಬ್ರಹ್ಮಣ್ಯ ಮಾಸ್ಟ್ರು ಬರುತ್ತಾರೆ ಎಂದು ತಿಳಿದಾಗ ಶಬ್ನಾಳಿಗೆ ಹೋದ ಜೀವ ಬಂದಂತಾಯಿತು. ಮೂಡುಬಿದಿರೆಯ ಪಾಲಿಟೆಕ್ನಿಕ್ಕಿನಲ್ಲಿ ಅವಳಿಗೆ ಟ್ರಾನ್ಸ್‌ಫಾರ್ಮರ್ ಪಾಠ ಮಾಡಿದವರೇ ಅವರು. ಈಗ ನಿವೃತ್ತರಾಗಿ ಪೆಲತ್ತಕಟ್ಟೆಯಲ್ಲಿ ತೋಟ ನೋಡಿಕೊಂಡಿದ್ದರು. ಬರೀ ಪಾಠ ಹೇಳಿದ ಗುರುವಾ ಅವರು? ಹೆಣ್ಣು ಹುಡುಗಿಗೆ ಎಂತ ಕರೆಂಟಿನ ಕಲಿಕೆ ಎಂದು ಅವಳ ಅಪ್ಪ ಬಾವಾ ಓದು ನಡುವಲ್ಲೇ ಬಿಡಿಸಲು ಹೊರಟಾಗ, ನಾರಾವಿಯ ಅವರ ಅಂಗಡಿಗೆ ತಾವಾಗಿ ಬಂದು, ಅಕ್ಕಿ ಮೂಟೆಯ ಮೇಲೆ ಕೂತು, "ಬಾವಾಕ, ಇವಳ ತಲೆ ನನ್ನ ಕ್ಲಾಸಿನಲ್ಲಿ ಬೇರೆ ಯಾರಿಗೂ ಇಲ್ಲ, ನನ್ನ ಮೇಲೆ ಬಿಡಿ" ಎಂದವರು. ಆ ಋಣವನ್ನು ಅವಳು ದಿನಾ ನೆನೆಯುತ್ತಿದ್ದಳು.

ಸೊಸೈಟಿಯಲ್ಲಿ ಹಾಲಿನ ದರ ಬರೆಯುವ ಕರಿ ಬೋರ್ಡು. ಮಾಸ್ಟ್ರು ದರವನ್ನು ಅಂಗೈಯಿಂದ ಉಜ್ಜಿ ಅಳಿಸಿ ಸೀಮೆಸುಣ್ಣ ಹಿಡಿದರು. "ನೋಡಿ, ಗಲಾಟೆ ಬೇಡ. ಲೆಕ್ಕ ಹಾಕುವ" ಎಂದರು. ಎಲ್ಲರೂ ತೆಪ್ಪಗಾದರು. ನೂರು ಕೆವಿಎ ಎಂದರೆ ಒಂದು ಲಕ್ಷ ವೋಲ್ಟ್-ಆಂಪಿಯರ್ ಎಂದು ಬರೆದರು. ಅದನ್ನು ನಾನೂರ ಮೂವತ್ತಮೂರು ವೋಲ್ಟಿನಿಂದ ಭಾಗಿಸಿದರು. ಆಮೇಲೆ, "ತಂತಿ ಎಷ್ಟು? ಮೂರು. ಹಾಗಾದರೆ ಮೂರರಿಂದ ಭಾಗಿಸಿ" ಎಂದು ಭಾಗಿಸಿ, ಎಪ್ಪತ್ತೇಳು ಎಂದು ಬರೆದು ಸುತ್ತ ಒಂದು ವೃತ್ತ ಎಳೆದರು.

"ಲೈನಿಗೆ ಎಪ್ಪತ್ತೇಳು ಆಂಪಿಯರ್. ನಮ್ಮ ಹತ್ತು ಪಂಪೇ ಎಪ್ಪತ್ತೈದು ಎಳೀತದೆ. ಮನೆಗಳದ್ದು ಬೇರೆ. ಈಗಲೇ ತುಂಬಿ ಚೆಲ್ಲಿದೆ, ಫ್ಯೂಸು ಹಾರದೆ ಎಂತ ಮಾಡ್ತದೆ? ಇದರ ಮೇಲೆ ಮಿಲ್ಲು ಇಡ್ಲಿಕ್ಕೆ ಜಾಗ ಎಲ್ಲಿ ಉಂಟು, ನೀವೇ ಹೇಳಿ."

ಮೂರು ತಂತಿ, ಮೂರರಿಂದ ಭಾಗಾಕಾರ. ಇದಕ್ಕಿಂತ ನ್ಯಾಯವಾದ ಲೆಕ್ಕ ಲೋಕದಲ್ಲಿ ಉಂಟಾ? ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ ಎಲ್ಲರಿಗೂ ಅರ್ಥವಾಯಿತು, ಎಲ್ಲರೂ ತಲೆ ಆಡಿಸಿದರು.

ಮೂರಲ್ಲ, ರೂಟ್ ಮೂರು! ಒಂದು ಪಾಯಿಂಟ್ ಏಳು ಮೂರು ಎರಡು! ಲೈನ್ ವೋಲ್ಟೇಜು ಹಿಡಿದು ಮೂರರಿಂದ ಭಾಗಿಸಿದವರಿಗೆ ಇದೇ ಮಾಸ್ಟ್ರು ಕ್ಲಾಸಿನಲ್ಲಿ ಡಸ್ಟರಿನಿಂದ ಗೆಣ್ಣಿಗೆ ಕುಟ್ಟುತ್ತಿದ್ದರು. ಶಬ್ನಾ ಎದ್ದು ನಿಂತಳು.

"ಸರ್, ಅದು ಮೂರು ಅಲ್ಲ, ರೂಟ್ ಮೂರು ಅಲ್ವಾ? ನೂರಮೂವತ್ತಮೂರು ಬರ್ತದೆ."

ಮಾಸ್ಟ್ರು ನಕ್ಕರು. "ಅದು ಪುಸ್ತಕದ್ದು ಮಗಾ. ಪುಸ್ತಕದಲ್ಲಿ ಮೂರು ಲೈನೂ ಒಂದೇ ಸಮ ಇರ್ತದೆ. ಇದು ಹಳ್ಳಿ. ಕೂತ್ಕೋ."

ಜನ ಗೊಳ್ಳೆಂದು ನಕ್ಕರು. ಶಬ್ನಾ ಇಂಜಿನಿಯರ್ ಅಶ್ವಿತನ ಮುಖ ನೋಡಿದಳು. ಅವನೂ ಇದನ್ನು ಓದಿ ಪಾಸಾದವನೇ ತಾನೇ! ಅವನು ತನ್ನ ಬೂಟಿನ ಲೇಸನ್ನು ಅದು ಈಗಷ್ಟೇ ಹುಟ್ಟಿತೋ ಎಂಬಂತೆ ನೋಡುತ್ತಿದ್ದ. ಕೊನೆಗೆ, "ಮಾಸ್ಟ್ರು ಹೇಳಿದ ಮೇಲೆ ಮುಗೀತು" ಎಂದು ಎದ್ದ. ಮಿಲ್ಲಿನ ಅರ್ಜಿ ತಿರಸ್ಕಾರವಾಯಿತು.

ಮನೆಯಲ್ಲಿ ನಿಝಾರ್ ಹಾರಾಡಿದ. ಅತ್ತೆ ಬೀಯಮ್ಮ, "ಆ ಮುದುಕನಿಗೆ ನಮ್ಮ ಮೇಲೆ ಎಂತ ಹೊಟ್ಟೆ ಉರಿ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಶಬ್ನಾ ಮಾತ್ರ ಮಾಸ್ಟ್ರನ್ನು ಬಿಟ್ಟುಕೊಡಲಿಲ್ಲ.

"ಹೊಟ್ಟೆ ಉರಿ ಅಲ್ಲ ಮಾಮಿ. ಪ್ರಾಯ ಆಯ್ತು, ಮರೆತುಹೋಗಿದೆ. ಅಷ್ಟು ಜನರ ಎದುರು ನಾನು ತಿದ್ದಿದ್ದೇ ತಪ್ಪು. ಅವರಿಗೆ ನಾಚಿಕೆ ಆಗದ ಹಾಗೆ ಬೇರೆ ದಾರಿ ನೋಡ್ತೇನೆ."

ಕೇಳಿದಿರಲ್ಲ? ಇವಳ ಮಿಲ್ಲಿಗೆ ಕಲ್ಲು ಬಿದ್ದಿದೆ, ಗಂಡ ವಿಮಾನ ಹತ್ತುವುದರಲ್ಲಿದ್ದಾನೆ. ಇವಳಿಗೆ ಮಾಸ್ಟ್ರ ಮರ್ಯಾದೆಯ ಚಿಂತೆ!

ಬೇರೆ ದಾರಿ ಅವಳಿಗೆ ಹೊಳೆದದ್ದು ಬೆಳ್ತಂಗಡಿಯ ಬಸ್ ಸ್ಟ್ಯಾಂಡಿನಲ್ಲಿ. ಹುಕ್ರಪ್ಪ ಅಲ್ಲಿ ಸಿಕ್ಕಿದ. ಅವನು ಹೇಳಿದ ಒಂದು ಮಾತಿನಿಂದ ಅವಳ ತಲೆಯೊಳಗೆ ದೀಪ ಹತ್ತಿತು. "ಅಕ್ಕಾ, ಪಂಪು ಓಡ್ತಾ ಇರುವಾಗ ಫ್ಯೂಸು ಯಾವತ್ತೂ ಹೋಗ್ಲಿಕ್ಕಿಲ್ಲ. ಕರೆಂಟು ಹೋಗಿ ಬಂದ ಕೂಡಲೇ ಹೋಗುವುದು. ಎಲ್ಲರ ಪಂಪಿಗೂ ಆಟೋ ಉಂಟಲ್ಲ, ಅದರದ್ದೇ ಕಾರುಬಾರು."

ಆಟೋ ಎಂದರೆ, ಕರೆಂಟು ಬಂದ ಕೂಡಲೇ ಪಂಪನ್ನು ತಾನಾಗಿ ಚಾಲೂ ಮಾಡುವ ಸಣ್ಣ ಪೆಟ್ಟಿಗೆ. ಗುಡ್ಡ ಇಳಿದು ಪಂಪ್‌ಹೌಸಿಗೆ ಹೋಗಿ ಸ್ವಿಚ್ಚು ಒತ್ತಲು ನಮ್ಮ ಜನರಿಗೆ ಮೈಬಗ್ಗದು. ಹಾಗಾಗಿ ಇಡೀ ಊರು ಅದನ್ನು ಹಾಕಿಸಿಕೊಂಡಿದೆ. ಮೋಟಾರು ಎದ್ದು ನಿಲ್ಲುವ ಆ ಕ್ಷಣದಲ್ಲಿ ಎಳೆಯುವ ಕರೆಂಟು, ಓಡುವಾಗಿನ ಆರು ಪಟ್ಟು. ಒಂದೊಂದಾಗಿ ಎದ್ದರೆ ತೊಂದರೆ ಇಲ್ಲ. ಹತ್ತೂ ಒಟ್ಟಿಗೆ ಎದ್ದರೆ, ಲಾಂಗ್ ಬೆಲ್ ಹೊಡೆದಾಗ ಶಾಲೆಯ ಮಕ್ಕಳೆಲ್ಲ ಒಂದೇ ಬಾಗಿಲಿಗೆ ನುಗ್ಗಿದ ಕಥೆ.

ಶಬ್ನಾ ಅಶ್ವಿತನ ಆಫೀಸಿಗೆ ಅಲೆದು, ಕಾಡಿ ಬೇಡಿ ಒಂದು ಶುಕ್ರವಾರ ಬೆಳಿಗ್ಗೆ ಅವನನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಬರಿಸಿದಳು. ಫ್ಯೂಸಿನ ಕಾಟ ತಪ್ಪುತ್ತದೆ ಎಂದ ಮೇಲೆ ಪಂಪಿನವರೂ ಬಂದರು. ಮಾಸ್ಟ್ರು ತಮ್ಮ ಅಣ್ಣನ ಮಗ ಶಶಾಂಕನ ಬೈಕಿನ ಹಿಂದೆ ಕೂತು ಬಂದರು. ಮಾಸ್ಟ್ರು ಎದುರಿಗಿದ್ದಾರೆ ಎಂದು ಅವಳು ಮೂರು, ರೂಟ್ ಮೂರು ಎಂಬ ಸುದ್ದಿಯನ್ನೇ ಎತ್ತಲಿಲ್ಲ. ಹುಕ್ರಪ್ಪ ಕೇಬಲಿಗೆ ಕ್ಲ್ಯಾಂಪ್ ಮೀಟರು ಕಚ್ಚಿಸಿದ. ಹತ್ತು ಪಂಪೂ ಓಡುತ್ತಿದ್ದವು. ಮೀಟರು ತೊಂಬತ್ತನಾಲ್ಕು ತೋರಿಸಿತು. ಉಳಿದ ಎರಡು ಲೈನುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ.

"ಈಗ ಫ್ಯೂಸು ಹೋಯ್ತಾ? ಇಲ್ಲ ಅಲ್ವಾ. ಹುಕ್ರಪ್ಪ, ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದಳು ಶಬ್ನಾ.

ಹುಕ್ರಪ್ಪ ಸ್ವಿಚ್ಚು ಎಳೆದ, ಸ್ವಲ್ಪ ನಿಂತು ಮತ್ತೆ ಏರಿಸಿದ. ಕಣಿವೆಯ ಆಚೆ ಈಚೆ ಆಟೋಗಳೆಲ್ಲ ಒಟ್ಟಿಗೆ ಕೆಲಸ ಶುರು ಮಾಡಿದವು. ಮೀಟರಿನ ಅಂಕೆ ನಾನೂರು ದಾಟಿ ಹಾರಿತು, ಟ್ರಾನ್ಸ್‌ಫಾರ್ಮರ್ ಗೊರ್ ಎಂದಿತು, ಫ್ಯೂಸು ಸಿಡಿಯಿತು. ಹಿಂದೆ ನಿಂತಿದ್ದವರು ಇನ್ನೂ ಹಿಂದೆ ಓಡಿದರು.

"ಎಂತ ಸಾವು ಮಾರಾಯ್ರೆ! ಹಾಗಾದ್ರೆ ನಮ್ಮದೇ ಆಟೋ ನಮ್ಮದೇ ಫ್ಯೂಸು ತಿನ್ನುವುದಾ?" ಎಂದ ಶಶಾಂಕ.

"ಹೌದು. ಆಟೋ ತೆಗೀರಿ. ಕರೆಂಟು ಬಂದ ಮೇಲೆ ಪಾಳಿಯಲ್ಲಿ ಒಬ್ಬೊಬ್ಬರಾಗಿ ಹಾಕಿ. ಮತ್ತೆ ಫ್ಯೂಸು ಹೋದ್ರೆ ನನ್ನನ್ನು ಕೇಳಿ" ಎಂದಳು.

ಆಗ ಮಾಸ್ಟ್ರು ಮುಂದೆ ಬಂದು ಅವಳ ತಲೆ ಸವರಿದರು. "ಯಾರ ಸ್ಟೂಡೆಂಟು ಹೇಳಿ!" ಎಂದು ಜನರ ಕಡೆ ತಿರುಗಿ ನಕ್ಕರು. ಅವಳ ಕಣ್ಣು ತುಂಬಿ ಬಂತು. ಮತ್ತೆ ಅವರು, ವೈವಾದಲ್ಲಿ ಕೇಳುವ ಅದೇ ಗಂಟಲಿನಲ್ಲಿ, "ಹಾಗಾದ್ರೆ ಶಬ್ನಾ, ಲೈನಿಗೆ ಇನ್ನು ಎಷ್ಟು ಉಳೀತದೆ?" ಎಂದರು.

"ಮೂವತ್ತೊಂಬತ್ತು ಆಂಪಿಯರ್ ಸರ್" ಎಂದಳು. ನೂರಮೂವತ್ತಮೂರರಲ್ಲಿ ತೊಂಬತ್ತನಾಲ್ಕು ಕಳೆದು, ಉತ್ತರ ಗೊತ್ತಿರುವ ಮಕ್ಕಳು ಹೇಳುವ ಹಾಗೆ ಥಟ್ಟನೆ, ಎಲ್ಲರಿಗೂ ಕೇಳುವಂತೆ ಹೇಳಿದಳು. ಅಶ್ವಿತ್ ಕೂಡ, "ಹಾಗಾದ್ರೆ ತೊಂದರೆ ಇಲ್ಲ, ಕೊಡಬಹುದು" ಎಂದ.

ಆ ದಿನ ಮನೆಯಲ್ಲಿ ಈದಿನ ಕಳೆ. ಜುಮಾ ನಮಾಝಿನಿಂದ ಬರುವಾಗ ನಿಝಾರ್ ಗೆಳೆಯರನ್ನೆಲ್ಲ ಊಟಕ್ಕೆ ಎಳೆದು ತಂದ. ಬೀಯಮ್ಮ ಅಕ್ಕಿಯ ಪತ್ತಿರಿ ರೊಟ್ಟಿ ಬಡಿದು ಬಡಿದು ಕೈ ಸೋತರು. ಎಲ್ಲರ ಎದುರಿಗೇ ನಿಝಾರ್ ದಮಾಮಿಗೆ ಫೋನು ಹಚ್ಚಿ, ನಾನು ಬರುವುದಿಲ್ಲ, ನನ್ನ ಜಾಗಕ್ಕೆ ಬೇರೆ ಜನ ನೋಡಿ ಎಂದ. ನಾಲ್ಕು ವರ್ಷದ ಮಗಳು ಸೌದಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶೆಡ್ಡಿಗೆ ಕರೆದೊಯ್ದು ಮೋಟಾರು ತೋರಿಸಿದ. ಹೊಸ ಅರ್ಜಿ ಕೊಡಬೇಕೆಂದು ಶಬ್ನಾಳಿಗೆ ನೆನಪಿತ್ತು. ಆದರೆ ಮನೆ ತುಂಬ ಜನ, ಬಡಿಸುವುದು ಯಾರು? ಇಂಜಿನಿಯರೇ ಬಾಯಿಬಿಟ್ಟು ಹೇಳಿಯಾಗಿದೆ, ಇನ್ನೆಂತ ಗಡಿಬಿಡಿ? ಮರುದಿನ ಎರಡನೇ ಶನಿವಾರ, ಆಫೀಸಿಗೆ ರಜೆ, ಸೋಮವಾರ ಕೊಟ್ಟರಾಯಿತು ಎಂದುಕೊಂಡಳು. ಅಷ್ಟು ಸಂತೋಷ ಅವಳಿಗೆ ಜನ್ಮದಲ್ಲಿ ಆದದ್ದಿಲ್ಲ, ಅದಕ್ಕೇ ಅವಳಿಗೆ ಬುದ್ಧಿ ಓಡಲಿಲ್ಲ.

ಸೋಮವಾರ ಅವಳು ಅರ್ಜಿ ಚಾಚಿದಾಗ ಅಶ್ವಿತ್ ಕೈ ನೀಡಲಿಲ್ಲ.

"ಮೇಡಂ, ಬೇಜಾರು ಮಾಡ್ಬೇಡಿ. ಜಾಗ ಮುಗೀತು."

"ಮುಗೀತು ಅಂದ್ರೆ? ಮೂವತ್ತೊಂಬತ್ತು ಉಂಟಲ್ಲ!"

"ಇತ್ತು. ಶುಕ್ರವಾರ ಸಂಜೆಯೇ ಹೊಸ ಐದು ಪಂಪಿನ ಅರ್ಜಿ ಬಂತು. ಒಂದಕ್ಕೆ ಏಳೂವರೆ ಆಂಪಿಯರ್. ಐದಕ್ಕೆ ಮೂವತ್ತೇಳೂವರೆ. ಉಳಿದದ್ದು ಒಂದೂವರೆ. ಮೊದಲು ಬಂದವರಿಗೆ ಮೊದಲು, ರೂಲ್ಸು ಹಾಗೆ ಉಂಟು."

"ನನ್ನ ಅರ್ಜಿ ಅವರಿಗಿಂತ ಎಷ್ಟು ಮೊದಲು ಬಂದಿತ್ತು!"

"ಅದು ರಿಜೆಕ್ಟ್ ಆಗಿದೆಯಲ್ಲ ಮೇಡಂ. ಈಗಿನದ್ದು ಹೊಸ ಅರ್ಜಿ."

"ಯಾರು ಕೊಟ್ಟದ್ದು?"

"ಶಶಾಂಕ ಎರಡು. ಅವನು ಮೇಲಿನ ಗುಡ್ಡೆ ತಗೊಂಡಿದ್ದಾನಲ್ಲ, ಅಲ್ಲಿ ಹೊಸ ತೋಟ. ಬಾಕಿದ್ದು ನೆರೆಕರೆಯವರದ್ದು. ಮಾಸ್ಟ್ರೇ ಎಲ್ಲರನ್ನೂ ಕರ್ಕೊಂಡು ಬಂದಿದ್ರು." ಅಶ್ವಿತನಿಗೂ ಒಳಗೆ ಏನೋ ಚುಚ್ಚಿರಬೇಕು. "ಲೆಕ್ಕ ನನ್ನ ಎದುರೇ ಹಾಕಿದ್ರು ಮೇಡಂ. ರೂಟ್ ಮೂರು ಹಿಡಿದು, ನೂರಮೂವತ್ತಮೂರು ಪಾಯಿಂಟ್ ಮೂರು. ಪಾಯಿಂಟ್ ಸಮೇತ ಬಾಯಿಯಲ್ಲೇ ಹೇಳಿದ್ರು. ಒಂದು ಚೂರೂ ತಪ್ಪಿಲ್ಲ."

ಹೊಸ ಟ್ರಾನ್ಸ್‌ಫಾರ್ಮರ್ ಬೇಕಿದ್ದರೆ ಸ್ವಂತ ಖರ್ಚಿನಲ್ಲಿ ಹಾಕಿಸಿಕೊಳ್ಳಬಹುದು ಎಂದೂ ಅವನು ಹೇಳಿದ. ಶೆಡ್ಡಿಗೇ ಇದ್ದಬದ್ದ ಚಿನ್ನವೆಲ್ಲ ಹೋಗಿತ್ತು. ಅವಳು ಅರ್ಜಿ ಮಡಚಿಕೊಂಡು ಹೊರಗೆ ಬಂದಳು. ಮರೆವು ಅಲ್ಲ! ಮರೆವು ಆಗಿರಲೇ ಇಲ್ಲ! ಬಸ್ಸಿನಲ್ಲಿ ಪಕ್ಕದ ಹೆಂಗಸು ಹುಷಾರಿಲ್ಲವಾ ಎಂದು ಕೇಳಿದಳು.

ನೆಟ್ಟಗೆ ಮಾಸ್ಟ್ರ ಮನೆಗೇ ಹೋದಳು. ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಹೆಂಡತಿ ತುಂಗಮ್ಮ ಅವಳನ್ನು ಕಂಡು ಕಾಫಿ ತರಲು ಒಳಗೆ ಹೋದರು.

"ಬಾ ಮಗಾ, ಕೂತ್ಕೋ" ಎಂದರು ಮಾಸ್ಟ್ರು.

"ಕೂತ್ಕೊಳ್ಳುವುದಿಲ್ಲ ಸರ್. ಒಂದು ಡೌಟು ಕೇಳ್ಲಿಕ್ಕೆ ಬಂದೆ. ನನ್ನ ಮಿಲ್ಲಿಗೆ ಮೂರು, ನಿಮ್ಮ ಪಂಪಿಗೆ ರೂಟ್ ಮೂರು. ಇದು ಯಾವ ಪುಸ್ತಕದಲ್ಲಿ ಉಂಟು?"

ಮಾಸ್ಟ್ರು ಪೇಪರು ಮಡಚಿದರು, ಕನ್ನಡಕ ತೆಗೆದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

"ನೋಡು ಶಬ್ನಾ, ಮಿಲ್ಲು ಎಲ್ಲಿ ಬೇಕಾದ್ರೂ ಹಾಕಬಹುದು. ಗಿಡವನ್ನು ಎತ್ತಿಕೊಂಡು ಹೋಗಿ ನೀರಿರುವಲ್ಲಿ ನೆಡ್ಲಿಕ್ಕೆ ಆಗ್ತದಾ? ಶಶಾಂಕ ಅಷ್ಟು ಗುಡ್ಡೆ ತಗೊಂಡು ಕೂತಿದ್ದಾನೆ. ನಿಮಗಾದ್ರೆ ಬೇರೆ ದಾರಿ ಉಂಟು. ನಿಝಾರನಿಗೆ ಗಲ್ಫು ಉಂಟಲ್ಲ. ನಿಮ್ಮವರಿಗೆ ಅದೆಲ್ಲ ಅಭ್ಯಾಸ."

"ಅಭ್ಯಾಸ!" ಎಂದಳು ಶಬ್ನಾ. "ಗಂಡ ಇಲ್ಲದ ಮನೆಯಲ್ಲಿ ಇರುವುದು ನಮಗೆ ಅಭ್ಯಾಸ ಅಂತ ನಿಮಗೆ ಯಾರು ಹೇಳಿದ್ದು ಸರ್? ಆವತ್ತು ನೀವು ಮರೆತದ್ದು ಅಂದುಕೊಂಡೆ. ನಿಮ್ಮ ಮರ್ಯಾದೆ ಹೋಗಬಾರ್ದು ಅಂತ ಎಲ್ಲರ ಎದುರು ಬಾಯಿ ಮುಚ್ಚಿಕೊಂಡೆ. ಇಂಜಿನಿಯರ್ ಎದುರೇ ಬಾಯಿಬಿಟ್ಟು ಹೇಳಬೇಕಿತ್ತು ನಾನು, ಇವರು ಸುಳ್ಳು ಲೆಕ್ಕ ಹಾಕಿದ್ರು ಅಂತ."

ಮಾಸ್ಟ್ರು ಅಂಗಳ ನೋಡಿದರು. "ನಿನಗೆ ಕಲಿಸಿದವನು ನಾನೇ ಅಲ್ವಾ" ಎಂದರು ಮೆಲ್ಲಗೆ, ಇನ್ನೂ ಏನೋ ಬಾಕಿ ಉಂಟು ಎಂಬಂತೆ.

"ಹೌದು ಸರ್. ಚೆನ್ನಾಗಿಯೇ ಕಲಿಸಿದ್ರಿ. ಎಷ್ಟು ಉಳೀತದೆ ಅಂತ ನೀವು ಕೇಳಿದ ಕೂಡಲೇ ಹೇಳಿಬಿಟ್ಟೆ ನೋಡಿ."

ತುಂಗಮ್ಮ ಕಾಫಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಶಬ್ನಾ ಮೆಟ್ಟಲಿಳಿದು ಹೋಗುವಾಗ ಅವರು ಕರೆಯಲಿಲ್ಲ, ಲೋಟವನ್ನು ಗಂಡನ ಮುಂದೆಯೂ ಇಡಲಿಲ್ಲ, ಒಳಗೆ ತೆಗೆದುಕೊಂಡು ಹೋದರು.

ದಮಾಮಿನ ಧಣಿಯ ಹತ್ತಿರ ನಿಝಾರ್ ಮತ್ತೆ ಹಲ್ಲು ಗಿಂಜಬೇಕಾಯಿತು. ಹಳೆಯ ಜಾಗಕ್ಕೆ ಬೇರೆಯವನು ಬಂದಾಗಿದೆ, ಲೋಡಿಂಗಿನಲ್ಲಿ ಬೇಕಾದರೆ ಬಾ ಎಂದ ಅವನು. ಮೊದಲು ಸ್ಟೋರ್ ನೋಡಿಕೊಳ್ಳುತ್ತಿದ್ದವನು ಈಗ ಮೂಟೆ ಹೊರಬೇಕು. ನಿಝಾರ್ ಹೂಂ ಎಂದ. ಮಿಲ್ಲಿನ ಯಂತ್ರವನ್ನು ಬಂಟ್ವಾಳದ ಒಬ್ಬ ವ್ಯಾಪಾರಿ ಲಾರಿ ತಂದು ಹೇರಿಕೊಂಡು ಹೋದ. ಶೆಡ್ಡಿನಲ್ಲಿ ಬೀಯಮ್ಮ ಸೌದೆ ಒಟ್ಟಿದರು.

ಹೊರಡುವ ದಿನ ಬೆಳಿಗ್ಗೆ ನಿಝಾರ್ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ತೋಟಗಳಲ್ಲಿ ಹಳೆಯ ಹತ್ತು, ಹೊಸ ಐದು, ಅಷ್ಟೂ ಪಂಪು ಓಡುತ್ತಿದ್ದವು. ಆಟೋ ತೆಗೆದಂದಿನಿಂದ ಊರಲ್ಲಿ ಒಂದು ಸಲವೂ ಫ್ಯೂಸು ಹೋಗಿರಲಿಲ್ಲ. ಪಂಪಿನವರು ಶಬ್ನಾ ಹೇಳಿಕೊಟ್ಟ ಪಾಳಿಯಲ್ಲೇ ಸ್ವಿಚ್ಚು ಹಾಕುತ್ತಿದ್ದರು. ಮೊದಲು ಹಾಕುವ ಪಾಳಿ ಶಶಾಂಕನದ್ದಂತೆ. ಸೌದಾ ಪೆಟ್ಟಿಗೆಯ ಮೇಲೆ ಹತ್ತಿ ಕೂತು, ಇಳಿಯಲಾರೆ ಎಂದು ರಚ್ಚೆ ಹಿಡಿದಿದ್ದಳು.

ನಿಝಾರ್ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ, ಅಡಿಗೆ ಒದ್ದೆ ಬೆರಳು ತಾಗಿಸಿ ನೋಡಿದ. ಚುಂಯ್ ಎಂದಿತು.

"ಒಳ್ಳೆ ಕಾದಿದೆ. ಫ್ಯೂಸು ಹೋಗುವ ರಗಳೆಯೇ ಇಲ್ಲ ಈಗ" ಎಂದ, ಎಂತ ಮಾತಾಡುತ್ತಿದ್ದೇನೆ ಎಂದು ಯೋಚಿಸದೆ.

"ನಾನೇ ಅಲ್ವಾ ಸರಿ ಮಾಡಿಕೊಟ್ಟದ್ದು" ಎಂದಳು ಶಬ್ನಾ, ಅವನ ಕೈಯಿಂದ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಕಾಲರಿಗೆ ಒತ್ತುತ್ತಾ.